ಅಮೆರಿಕದ ಫೋನಿಗಿಂತ ಮಡಿಕೇರಿಯ ಫೋನೇ ಮೇಲು: ಭದ್ರತಾ ಅಪ್‌ಡೇಟ್‌ಗಳ ಒಂದು ಹೋಲಿಕೆ

ನಮ್ಮ ಮನೆಯಲ್ಲಿ ಈಗ ಮೂರು ಸ್ಮಾರ್ಟ್‌ಫೋನ್‌ಗಳಿವೆ. ಮೊದಲನೆಯದು, ತಂಗಿಯ ಮಗ 2022ರಲ್ಲಿ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಅಮೆರಿಕದಿಂದ ಬಂದಾಗ ತಾನು ಬಳಸುತ್ತಿದ್ದುದನ್ನು ನನ್ನ ಕೈಗಿಟ್ಟು ಹೋದ, ಹೊಸತಿದ್ದಾಗ ಲಕ್ಷಕ್ಕೆ ಹತ್ತಿರದ ಬೆಲೆಯಿದ್ದ ಆಂಡ್ರಾಯ್ಡ್ ಫೋನ್. ಎರಡನೆಯದು, ಅದರಿಂದ ಬೇಸತ್ತು 2024ರ ಫೆಬ್ರವರಿಯಲ್ಲಿ, ಕಾಫಿ ಕುಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ, ಮಡಿಕೇರಿಯ ಅಂಗಡಿಯೊಂದರಲ್ಲಿ ಸುಮಾರು 19,000 ರೂಪಾಯಿ ಕೊಟ್ಟು ತಂದ ಸಾಧಾರಣ ಆಂಡ್ರಾಯ್ಡ್ ಫೋನ್. ಮೂರನೆಯದು, ಮಗಳು ಹೊಸ ಫೋನ್ ಕೊಂಡಾಗ ತನ್ನ ಹಳೆಯದನ್ನು ತಾಯಿಗೆ ಕೊಟ್ಟ ಐಫೋನ್ ಎಸ್‌ಇ, 2020ರ ಮಾದರಿ. ಕ್ಯಾಮೆರಾ ಹೇಗಿದೆ, ಪರದೆ ಎಷ್ಟು ಅಗಲ ಎಂಬುದೆಲ್ಲ ಎಲ್ಲೆಡೆ ಸಿಗುವ ಮಾಹಿತಿಯಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಭದ್ರತೆಯ ಅಪ್‌ಡೇಟ್ ಈ ಮೂರು ಫೋನ್‌ಗಳಿಗೆ ಯಾವ ದಾರಿಯಿಂದ, ಯಾರ ಅನುಮತಿಯಿಂದ, ಎಷ್ಟು ತಡವಾಗಿ ಬರುತ್ತದೆ ಎಂಬುದಷ್ಟನ್ನೇ ಹೋಲಿಸುತ್ತಿದ್ದೇನೆ. ನನ್ನ ಒಲವು ಮಡಿಕೇರಿಯ ಫೋನಿನ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಕಾಫಿ ಮಾರಿದ ಹಣ ಬಂದದ್ದು ಗೊತ್ತಾಗುವುದೂ, ಶನಿವಾರದ ಬಟವಾಡೆ ಕೆಲಸದವರ ಖಾತೆಗೆ ಹೋಗುವುದೂ ಈಗ ಫೋನಿನಿಂದಲೇ. ಹೀಗಾಗಿ ಅದರ ಬೀಗ ಗಟ್ಟಿಯಿದೆಯೇ ಎಂದು ಆಗಾಗ ನೋಡುವುದು ನನಗೆ ಅಭ್ಯಾಸವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳ ಒಳಗೆ ‘ಸೆಕ್ಯುರಿಟಿ ಪ್ಯಾಚ್’ ಎಂಬ ಸಾಲಿನ ಪಕ್ಕದಲ್ಲಿ ಒಂದು ದಿನಾಂಕವಿರುತ್ತದೆ. ಆ ದಿನಾಂಕದವರೆಗೆ ಗೂಗಲ್ ಪ್ರಕಟಿಸಿದ ದೋಷಗಳನ್ನು ಈ ಫೋನಿನಲ್ಲಿ ಸರಿಪಡಿಸಲಾಗಿದೆ ಎಂಬುದು ಅದರ ಅರ್ಥ.

2023ರ ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ, ಹೊರಗೆ ಕಾಲಿಡಲಾಗದಂತೆ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಅಮೆರಿಕದ ಫೋನಿನಲ್ಲಿ ಆ ಸಾಲನ್ನು ಮೊದಲ ಬಾರಿಗೆ ನೋಡಿದೆ. 2022ರ ನವೆಂಬರ್ 1 ಎಂದಿತ್ತು. ಒಂಬತ್ತು ತಿಂಗಳು ಹಿಂದಿನದು. ಅಪ್‌ಡೇಟ್ ಹುಡುಕುವ ಗುಂಡಿಯನ್ನು ಒತ್ತಿದೆ. ಚಕ್ರ ತಿರುಗಿತು, ಹಸಿರು ಗುರುತು ಮೂಡಿತು, ನಿಮ್ಮ ಸಾಫ್ಟ್‌ವೇರ್ ಇತ್ತೀಚಿನದೇ ಆಗಿದೆ ಎಂಬ ಒಕ್ಕಣೆ ಬಂತು. ಮರುದಿನವೂ ಅದೇ, ಮರುವಾರವೂ ಅದೇ. ಅಪ್‌ಡೇಟ್ ಬಂದಿಲ್ಲ ಎಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಂಬತ್ತು ತಿಂಗಳ ಬಾಕಿ ಇಟ್ಟುಕೊಂಡು ಲೆಕ್ಕ ಚುಕ್ತಾ ಆಗಿದೆ ಎಂದು ರಸೀದಿ ಬರೆದುಕೊಡುವ ಗುಮಾಸ್ತನಂತೆ ಆ ಫೋನ್ ವರ್ತಿಸುತ್ತಿತ್ತು. ದೋಷ ನಮ್ಮ ವೈಫೈಯದಿರಬಹುದೆಂದು ಮಡಿಕೇರಿಗೆ ಹೋದಾಗ ಅಲ್ಲಿಯ ನೆಟ್‌ವರ್ಕಿನಲ್ಲಿಯೂ ಪ್ರಯತ್ನಿಸಿದೆ, ದಿನಾಂಕವನ್ನು ಕೈಯಿಂದ ತಿದ್ದಿ ನೋಡಿದೆ, ಕೊನೆಗೆ ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಸಜ್ಜುಗೊಳಿಸಿದೆ. ಹಸಿರು ಗುರುತು ಮಾತ್ರ ಅಲುಗಲಿಲ್ಲ.

ಸೋದರಳಿಯನಿಗೆ ಕರೆ ಮಾಡಿದಾಗ ವಿಷಯ ತಿಳಿಯಿತು. ಅವನು ಆ ಫೋನನ್ನು ಅಲ್ಲಿಯ ದೊಡ್ಡ ಸಿಮ್ ಕಂಪನಿಯೊಂದರಿಂದ ಕಂತಿನಲ್ಲಿ ಕೊಂಡಿದ್ದ. ಕಂತು ತೀರಿದ ಮೇಲೆ ಕಂಪನಿ ತನ್ನ ಸಿಮ್ ಬೀಗ (ಲಾಕ್) ತೆಗೆದುಕೊಟ್ಟಿತ್ತು. ಬೀಗ ತೆಗೆದಿದೆ ಎಂದರೆ ಫೋನ್ ಸಂಪೂರ್ಣ ಸ್ವತಂತ್ರ ಎಂದು ಅವನೂ ನಂಬಿದ್ದ, ನಾನೂ ನಂಬಿದ್ದೆ. ಬೇರೆ ಕಂಪನಿಯ ಸಿಮ್ ಹಾಕಬಹುದು ಎಂಬುದಷ್ಟೇ ಅದರ ಅರ್ಥ ಎಂಬುದು ನಮ್ಮಿಬ್ಬರಿಗೂ ತಡವಾಗಿ ಗೊತ್ತಾಯಿತು. ಒಳಗಿರುವ ತಂತ್ರಾಂಶ ಆ ಕಂಪನಿಗಾಗಿಯೇ ಸಿದ್ಧಪಡಿಸಿದ್ದಾಗಿಯೇ ಉಳಿಯುತ್ತದೆ, ಅದರ ಅಪ್‌ಡೇಟ್ ಆ ಕಂಪನಿಯ ಕೈಯಿಂದಲೇ ಬರಬೇಕು, ನಮ್ಮ ಫೋನಿನ ಮಟ್ಟಿಗೆ ಆ ಕಂಪನಿಯ ಸಿಮ್ ಒಳಗಿದ್ದರೆ ಮಾತ್ರ ಬರುತ್ತದೆ. ಅದೇ ವರ್ಷದ ಹುತ್ತರಿಗೆ ಅವನು ಬಂದಾಗ, ಊಟವಾದ ಮೇಲೆ ತನ್ನ ಸಿಮ್ ತೆಗೆದು ಇದಕ್ಕೆ ಹಾಕಿ ಮನೆಯ ವೈಫೈಗೆ ಜೋಡಿಸಿದ. ಒಂದು ವರ್ಷ ಎಲ್ಲವೂ ಸರಿಯಿದೆ ಎನ್ನುತ್ತಿದ್ದ ಫೋನ್, ಒಂದರ ಹಿಂದೆ ಒಂದರಂತೆ ನಾಲ್ಕು ಅಪ್‌ಡೇಟ್‌ಗಳನ್ನು ಕೇಳಿತು. ಮುಗಿಯುವಾಗ ಮಧ್ಯರಾತ್ರಿ ಕಳೆದಿತ್ತು. ರಜೆ ಮುಗಿಸಿ ಅವನು ಸಿಮ್‌ನೊಂದಿಗೆ ಹೊರಟುಹೋದ ಮೇಲೆ ದಿನಾಂಕ ಮತ್ತೆ ಅಲ್ಲಿಯೇ ನಿಂತಿತು.

ಇದು ಯಾರೋ ಒಬ್ಬರ ಹಟದಿಂದ ಆದದ್ದಲ್ಲ. ಆಂಡ್ರಾಯ್ಡ್‌ನ ದಾರಿಯೇ ಉದ್ದವಾದದ್ದು. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬೆಳಕಿಗೆ ಬಂದು, ಒಂದು ಎಂಎಂಎಸ್ ಕಳಿಸಿಯೇ ಫೋನಿನೊಳಗೆ ನುಗ್ಗಬಹುದು ಎಂಬುದು ಗೊತ್ತಾದ ಮೇಲೆ, ಆ ವರ್ಷದ ಆಗಸ್ಟ್‌ನಿಂದ ಗೂಗಲ್ ಪ್ರತಿ ತಿಂಗಳೂ ಭದ್ರತಾ ಪ್ರಕಟಣೆ ಹೊರಡಿಸುತ್ತಾ ಬಂದಿದೆ. ಗೂಗಲ್ ತಿದ್ದಿದ್ದನ್ನು ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಚಿಪ್ ತಯಾರಕರ ತಿದ್ದುಪಡಿಗಳೊಂದಿಗೆ ಸೇರಿಸಿ, ಫೋನ್ ತಯಾರಕರು ತಮ್ಮ ಒಂದೊಂದು ಮಾದರಿಗೂ ಹೊಂದಿಸಿ ಪರೀಕ್ಷಿಸಬೇಕು. ಸಿಮ್ ಕಂಪನಿಗಳೇ ಫೋನ್ ಮಾರುವ ಅಮೆರಿಕದಂಥ ದೇಶಗಳಲ್ಲಿ ಇದರ ಮೇಲೆ ಇನ್ನೊಂದು ಮೆಟ್ಟಿಲು ಇದೆ. ಕರೆ ಕಡಿಯದೆ ನಿಲ್ಲುತ್ತದೆಯೇ, ತುರ್ತು ಸಂಖ್ಯೆ ಸಿಗುತ್ತದೆಯೇ, ತಮ್ಮ ಜಾಲಕ್ಕೆ ತೊಂದರೆಯಾಗುವುದಿಲ್ಲವೇ ಎಂದು ಆ ಕಂಪನಿಗಳು ತಾವೂ ಪರೀಕ್ಷಿಸಿ ಒಪ್ಪಿದ ಮೇಲೆಯೇ ಅಪ್‌ಡೇಟ್ ಹೊರಬೀಳುತ್ತದೆ. ಪರೀಕ್ಷೆಯ ಉದ್ದೇಶವನ್ನು ನಾನು ತಪ್ಪೆನ್ನುವುದಿಲ್ಲ. ತುರ್ತು ಕರೆಯೇ ಹೋಗದ ಫೋನ್‌ನಿಂದ ಯಾರಿಗೆ ಏನು ಪ್ರಯೋಜನ? ಆದರೆ ಈ ವಿಳಂಬ ಅಲ್ಲಿಯ ಸರ್ಕಾರಕ್ಕೂ ಕಣ್ಣಿಗೆ ಬಿದ್ದು, 2016ರಲ್ಲಿ ಎರಡು ಸಂಸ್ಥೆಗಳು, ಸಂವಹನ ಆಯೋಗವು ಸಿಮ್ ಕಂಪನಿಗಳನ್ನೂ ವ್ಯಾಪಾರ ಆಯೋಗವು ಫೋನ್ ತಯಾರಕರನ್ನೂ, ಈ ಬಗ್ಗೆ ವಿವರಣೆ ಕೇಳಿದ್ದವು.

ಬೀಗ ತೆಗೆದ ಫೋನ್ ಬೇರೆ, ಮೊದಲಿನಿಂದಲೂ ಬೀಗವಿಲ್ಲದೆ ಮಾರಿದ ಫೋನ್ ಬೇರೆ ಎಂಬುದನ್ನು ಅಮೆರಿಕದಿಂದ ಫೋನ್ ತರಿಸುವವರು ನೆನಪಿಡಬೇಕು. ಸ್ಯಾಮ್‌ಸಂಗ್‌ನ ಅಮೆರಿಕದ ಫೋನ್‌ಗಳಲ್ಲಾದರೆ ಮಾದರಿ ಸಂಖ್ಯೆಯ ಕೊನೆಯನ್ನು ನೋಡಿದರೆ ಸಾಕು: ‘ಯು’ ಎಂದು ಮುಗಿದರೆ ಸಿಮ್ ಕಂಪನಿಯ ಮೂಲಕ ಬಂದದ್ದು, ‘ಯು1’ ಎಂದಿದ್ದರೆ ಬೀಗವಿಲ್ಲದೆ ಮಾರಿದ್ದು. ಮೈಸೂರಿನ ರಿಪೇರಿ ಅಂಗಡಿಯ ಹುಡುಗನೊಬ್ಬ ಒಳಗಿನ ತಂತ್ರಾಂಶವನ್ನೇ ಬದಲಿಸಿಕೊಡುತ್ತೇನೆ ಎಂದ. ಬ್ಯಾಂಕಿನ ಆ್ಯಪ್ ಇರುವ ಫೋನನ್ನು ಗುರುತಿಲ್ಲದವರ ಕಂಪ್ಯೂಟರಿಗೆ ಜೋಡಿಸಿ ಭದ್ರತೆ ಪಡೆಯುವುದು ನನಗೆ ಒಗ್ಗಲಿಲ್ಲ.

ಈ ಫೋನಿಗೆ ಸ್ವಲ್ಪ ನ್ಯಾಯ ಒದಗಿಸಬೇಕೆಂದರೆ, ಅಪ್‌ಡೇಟ್ ಪೂರ್ತಿ ನಿಂತಿರಲಿಲ್ಲ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಗೂಗಲ್ ವ್ಯವಸ್ಥೆಯ ಕೆಲವು ಭಾಗಗಳನ್ನು ಪ್ಲೇ ಸ್ಟೋರ್‌ನ ಮೂಲಕ ನೇರವಾಗಿ ತಲುಪಿಸುತ್ತಿದೆ. ಅವುಗಳಿಗೆ ತಯಾರಕರೂ ಬೇಡ, ಸಿಮ್ ಕಂಪನಿಯೂ ಬೇಡ. ಕ್ರೋಮ್ ಕೂಡ ಹಾಗೆಯೇ ಹೊಸದಾಗುತ್ತಿತ್ತು. ಆದರೆ ಫೋನಿನ ತಳದಲ್ಲಿರುವ ಕರ್ನಲ್, ಟವರ್‌ನೊಂದಿಗೆ ಮಾತಾಡುವ ಮೋಡೆಮ್, ಇವು ಆ ದಾರಿಯಲ್ಲಿ ಬರುವುದಿಲ್ಲ.

ಮೋಡೆಮ್ ಎಂದಾಗ ಕೊಡಗಿನವರಿಗೆ ಹತ್ತಿರವಾದ ಒಂದು ವಿಷಯ ನೆನಪಾಗುತ್ತದೆ. ನಮ್ಮ ಮನೆ ನಾಪೋಕ್ಲಿನಿಂದ ಒಳಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿದೆ. ರೇಂಜ್ ಬೇಕಾದರೆ ಕಾಫಿ ಒಣಗಿಸುವ ಕಣದ ಮೇಲಿನ ಮೂಲೆಗೆ ಹೋಗಿ ನಿಲ್ಲಬೇಕು. ಮನೆಗೆ ಫೈಬರ್ ಬಂದ ಮೇಲೆ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವೇ ನಮಗೆ ಫೋನ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಇದನ್ನು ಆರಂಭಿಸಿದವು. 2023ರ ಮಾರ್ಚ್‌ನಲ್ಲಿ ಭದ್ರತಾ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡವು ಸ್ಯಾಮ್‌ಸಂಗ್ ತಯಾರಿಸುವ ಎಕ್ಸಿನಾಸ್ ಮೋಡೆಮ್‌ಗಳಲ್ಲಿ 18 ದೋಷಗಳಿವೆ ಎಂದು ಪ್ರಕಟಿಸಿತು. ಅವುಗಳಲ್ಲಿ ನಾಲ್ಕು ಎಷ್ಟು ಗಂಭೀರವಾಗಿದ್ದವೆಂದರೆ, ಫೋನ್ ಸಂಖ್ಯೆಯೊಂದು ಗೊತ್ತಿದ್ದರೆ ಸಾಕು, ಮಾಲೀಕ ಏನನ್ನೂ ಮುಟ್ಟದಿದ್ದರೂ ಒಳಗೆ ಪ್ರವೇಶಿಸುವ ಸಾಧ್ಯತೆಯಿತ್ತು. ಅಪ್‌ಡೇಟ್ ಸಿಗುವವರೆಗೆ ವೈಫೈ ಕರೆಯನ್ನೂ 4ಜಿ ಮೂಲಕ ಕರೆ ಮಾಡುವ ವೋಲ್ಟ್‌ಇಯನ್ನೂ ಆರಿಸಿಡಿ ಎಂಬುದು ಅವರ ಸಲಹೆ. ಪಟ್ಟಣದವರಿಗೆ ಅದು ನಾಲ್ಕು ದಿನದ ಅನನುಕೂಲವಿರಬಹುದು. ನಮ್ಮಂಥ ತಗ್ಗಿನ ಮನೆಯವರು ವೈಫೈ ಕರೆಯನ್ನು ಆರಿಸುವುದೂ ಒಂದೇ, ಫೋನನ್ನು ಪತ್ತಾಯಕ್ಕೆ ಹಾಕಿ ಬಾಗಿಲು ಮುಚ್ಚುವುದೂ ಒಂದೇ. ಸಲಹೆಯನ್ನು ಪಾಲಿಸಲಾಗದವರಿಗೆ ಅಪ್‌ಡೇಟ್ ಬೇಗ ಬರುವುದೊಂದೇ ದಾರಿ. ಅಂದ ಹಾಗೆ, ಅಮೆರಿಕದ ಫೋನಿನಲ್ಲಿ ನಮ್ಮ ಸಿಮ್‌ಗೆ ವೈಫೈ ಕರೆಯ ಆಯ್ಕೆಯೇ ಕಾಣಿಸುತ್ತಿರಲಿಲ್ಲ. ಒಂದು ವರ್ಷ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತೇ ಮಾತಾಡಿದ್ದೇನೆ.

ಮಡಿಕೇರಿಯ ಫೋನಿನ ಬಗ್ಗೆ ಹೇಳಲು ಇಷ್ಟೊಂದು ಇಲ್ಲದಿರುವುದೇ ಅದರ ಗುಣ. ಮಾದರಿಯ ಹೆಸರು ಬರೆದರೆ ಉಪಯೋಗವಿಲ್ಲ, ಅದು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಫೋನನ್ನು ಅಂಗಡಿಯಲ್ಲಿಯೂ ಸಿಮ್ ಅನ್ನು ಬೇರೆಯಾಗಿಯೂ ಕೊಳ್ಳುವ ರೂಢಿ ಮೊದಲಿನಿಂದ ಇರುವುದರಿಂದ, ಅಪ್‌ಡೇಟ್ ತಯಾರಕರಿಂದ ನೇರವಾಗಿ ಬರುತ್ತದೆ. ನಾನು ಅಂಗಡಿಯವರಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ಭದ್ರತಾ ಅಪ್‌ಡೇಟ್ ಎಷ್ಟು ವರ್ಷ, ಆ ವರ್ಷಗಳ ಎಣಿಕೆ ಯಾವಾಗಿನಿಂದ. ಐದು ವರ್ಷ ಎಂದರು. ಎಣಿಕೆ ನಾನು ಕೊಂಡ ದಿನದಿಂದಲ್ಲ, ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಎಂದು ತಯಾರಕರ ಜಾಲತಾಣ ನೋಡಿ ಹೇಳಿದರು. ಆ ಲೆಕ್ಕದಲ್ಲಿ ಏಳೆಂಟು ತಿಂಗಳು ಅಂಗಡಿಯ ಕಪಾಟಿನಲ್ಲಿಯೇ ಕಳೆದಿದ್ದವು. ಮೊದಲ ವರ್ಷ ಹೆಚ್ಚುಕಡಿಮೆ ಪ್ರತಿ ತಿಂಗಳು ಅಪ್‌ಡೇಟ್ ಬಂತು, ಆಮೇಲೆ ಮೂರು ತಿಂಗಳಿಗೊಮ್ಮೆ ಆಯಿತು. ಮಾದರಿ ಹಳೆಯದಾದಂತೆ ತಯಾರಕರು ಹೀಗೆ ಅಂತರ ಹೆಚ್ಚಿಸುವುದು ಸಾಮಾನ್ಯ.

ಒಮ್ಮೆ ಮಾತ್ರ ಗಲಿಬಿಲಿಯಾಯಿತು. ಇದೇ ಫೋನ್ ಇಟ್ಟುಕೊಂಡಿರುವ ಪಕ್ಕದ ತೋಟದವರಿಗೆ ಬಂದ ಅಪ್‌ಡೇಟ್ ನನಗೆ ಎರಡು ವಾರ ಬರಲಿಲ್ಲ. ಹಳೆಯ ಹಸಿರು ಗುರುತು ನೆನಪಾಗಿ ಎದೆ ಧಸಕ್ಕೆಂದಿತು. ಆದರೆ ಇದು ಹಂತ ಹಂತವಾಗಿ ಹಂಚುವ ಕ್ರಮ. ಮೊದಲು ಸ್ವಲ್ಪ ಫೋನ್‌ಗಳಿಗೆ ಕಳಿಸಿ, ಏನಾದರೂ ಕೆಟ್ಟರೆ ಅಲ್ಲಿಗೇ ತಡೆಯುವುದಕ್ಕಾಗಿ ಹೀಗೆ ಮಾಡುತ್ತಾರೆ. ಮೂರನೆಯ ವಾರ ಬಂತು.

ಭಾರತದಲ್ಲಿ ಸಿಮ್ ಕಂಪನಿಗಳಿಗೆ ಏನೂ ಪಾತ್ರವಿಲ್ಲ ಎಂದೂ ಹೇಳುವಂತಿಲ್ಲ. 2022ರ ಅಕ್ಟೋಬರ್ 1ರಂದು ಇಲ್ಲಿ 5ಜಿ ಆರಂಭವಾದಾಗ, 5ಜಿ ಫೋನ್ ಕೈಯಲ್ಲಿದ್ದ ಎಷ್ಟೋ ಜನರಿಗೆ ಅದು ಸಿಗಲಿಲ್ಲ. ಪ್ರತಿ ಕಂಪನಿಯ ಜಾಲದ ಮೇಲೆ ಪರೀಕ್ಷಿಸಿ ತಯಾರಕರು ಅಪ್‌ಡೇಟ್ ಕಳಿಸಬೇಕಾಗಿತ್ತು. ಐಫೋನ್‌ಗಳಿಗೆ ಅದು ಡಿಸೆಂಬರ್‌ನಲ್ಲಿ ಐಒಎಸ್ 16.2ರೊಂದಿಗೆ ಬಂತು. ಅಲ್ಲಿ ತಡವಾದದ್ದು ಹೊಸ ಸೌಲಭ್ಯವೇ ಹೊರತು ಭದ್ರತೆಯಲ್ಲ. ಆ ವ್ಯತ್ಯಾಸ ನನಗೆ ಮುಖ್ಯ; ನಮ್ಮ ತಗ್ಗಿನಲ್ಲಿ 4ಜಿಯೇ ಇಲ್ಲ, 5ಜಿಗಾಗಿ ನಾನು ಎಷ್ಟು ದಿನವಾದರೂ ಕಾಯಬಲ್ಲೆ.

ಇನ್ನು ಐಫೋನ್. ಅಪ್‌ಡೇಟ್ ತಲುಪಿಸುವ ವಿಷಯದಲ್ಲಿ ಮೂರರಲ್ಲಿ ಅದೇ ಮೊದಲು ಎಂದು ಒಪ್ಪಿಕೊಳ್ಳುತ್ತೇನೆ. ಚಿಪ್, ಫೋನ್, ತಂತ್ರಾಂಶ ಮೂರನ್ನೂ ಆ್ಯಪಲ್ ತಾನೇ ರೂಪಿಸುವುದರಿಂದ, ನ್ಯೂಯಾರ್ಕಿನವರಿಗೂ ನಾಪೋಕ್ಲಿನವರಿಗೂ ಅಪ್‌ಡೇಟ್ ಒಂದೇ ದಿನ ದೊರೆಯುತ್ತದೆ. ಸಿಮ್ ಕಂಪನಿಗೆ ಸಂಬಂಧಿಸಿದ ಹೊಂದಾಣಿಕೆಗಳು ಪುಟ್ಟ ಕಡತವಾಗಿ ಬೇರೆಯೇ ಬರುವುದರಿಂದ ಅವು ಭದ್ರತೆಯ ದಾರಿಗೆ ಅಡ್ಡ ನಿಲ್ಲುವುದಿಲ್ಲ. 2015ರ ಐಫೋನ್ 6ಎಸ್‌ಗೆ 2024ರಲ್ಲಿಯೂ ಭದ್ರತಾ ತಿದ್ದುಪಡಿ ಬಂದಿದೆ. ಹಾಗಿದ್ದರೂ ನಮ್ಮ ಮನೆಯ ಐಫೋನ್ ಎಷ್ಟೋ ಬಾರಿ ಹಿಂದೆ ಬಿದ್ದಿರುತ್ತದೆ, ತಪ್ಪು ಫೋನಿನದಲ್ಲ. ತಾನಾಗಿಯೇ ಅಪ್‌ಡೇಟ್ ಆಗಬೇಕಾದರೆ ರಾತ್ರಿ ಅದು ಚಾರ್ಜಿಗೆ ಹಾಕಿದ ಸ್ಥಿತಿಯಲ್ಲಿ ವೈಫೈಗೆ ಸೇರಿರಬೇಕು. ಮಳೆಗಾಲದ ರಾತ್ರಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನವಾದರೂ ಬರುವ ಖಾತ್ರಿಯಿಲ್ಲ, ಕರೆಂಟ್ ಇಲ್ಲವೆಂದರೆ ವೈಫೈಯೂ ಇಲ್ಲ. ಬೆಳಿಗ್ಗೆ ಕರೆಂಟ್ ಬಂದಾಗ ಮನೆಯವಳಿಗೆ ಮಿಕ್ಸಿ ಮೊದಲು, ಅಪ್‌ಡೇಟ್ ಕೊನೆ. ಮಡಿಕೇರಿಯ ಫೋನ್ ನಾನು ಲೆಕ್ಕ ಬರೆಯುತ್ತಿರುವಾಗಲೇ ಹಿನ್ನೆಲೆಯಲ್ಲಿ ಇಳಿಸಿಕೊಂಡಿರುತ್ತದೆ. ಎರಡರಲ್ಲಿ ಯಾವುದನ್ನಾದರೂ ಕೈಯಿಂದ ಅಪ್‌ಡೇಟ್ ಮಾಡಬಹುದು ಎಂಬುದು ನಿಜ, ಆದರೆ ಕೈಯಿಂದ ಮಾಡುವವನು ನಾನೊಬ್ಬನೇ.

ನಾನು ಫೋನಿಗೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕೊಡುವವನಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ಮಾತ್ರ ಬದಲಿಸುವವನು, ಗುಡ್ಡದ ಮೇಲೊಂದು ಮನೆಯೊಳಗೊಂದು ಎಂದು ಎರಡು ಸಿಮ್ ಇಟ್ಟುಕೊಂಡವನು. ಹಳೆಯ ಐಫೋನನ್ನು ಯಾರಾದರೂ ಉಚಿತವಾಗಿ ಕೊಟ್ಟರೆ ಅಪ್‌ಡೇಟ್‌ಗಾಗಿ ಅದನ್ನೇ ಇಟ್ಟುಕೊಳ್ಳಿ ಎಂದು ಇತರರಿಗೆ ಹೇಳಿಯೇನು, ದುಡ್ಡು ಕೊಟ್ಟು ಕೊಳ್ಳುವುದಾದರೆ ನನ್ನ ಆಯ್ಕೆ ಮಡಿಕೇರಿಯ ಫೋನೇ. ಸಿಮ್ ಕಂಪನಿಯ ಹೆಸರು ಹೊತ್ತ ಫೋನನ್ನು ಉಚಿತವಾಗಿ ಕೊಟ್ಟರೂ ಬ್ಯಾಂಕಿನ ಕೆಲಸಕ್ಕೆ ಬಳಸಲಾರೆ.

ಅಮೆರಿಕದ ಫೋನ್ ಈಗ ಬ್ಯಾಂಕಿನ ಆ್ಯಪ್‌ಗಳನ್ನೆಲ್ಲ ಕಳೆದುಕೊಂಡು, ಸಿಮ್ ಇಲ್ಲದೆ, ಕಣದ ಶೆಡ್ಡಿನಲ್ಲಿ ಹಾಡು ಕೇಳಿಸುತ್ತಾ ಕುಳಿತಿದೆ. ಹುತ್ತರಿಗೆ ಬರುವ ಮುನ್ನ ಸೋದರಳಿಯ ಪ್ರತಿ ವರ್ಷ, ಮಾವ, ಏನು ತರಲಿ ಎಂದು ಕೇಳುತ್ತಾನೆ. ಏನೂ ಬೇಡ, ನಿನ್ನ ಸಿಮ್ ಒಂದು ರಾತ್ರಿಯ ಮಟ್ಟಿಗೆ ಕೊಡು ಎನ್ನುತ್ತೇನೆ. ಕದಿರು ಒಳಗೆ ಬಂದ ಮೇಲೆ ಅದಕ್ಕೆ ವರ್ಷದ ಅಪ್‌ಡೇಟ್ ಹಾಕಿ ಮಲಗುತ್ತೇವೆ.