ಟ್ರೋವ್: ನಾಲ್ಕು ವರ್ಷ ಬಳಸಿದ ಮೇಲೆ ನನ್ನ ಅನುಭವ

ನಮ್ಮ ಭಾವನ ಕಡೆಯವರು ತಲೆಮಾರುಗಳಿಂದ ಆಸ್ಟ್ರೇಲಿಯಾದವರು. ಅಕ್ಕನ ಮಗಳಿಗಾಗಿ ಅವಳ ಅಪ್ಪನ ಮನೆತನದ ಕಥೆ ಬರೆದಿಡಬೇಕು ಅನ್ನಿಸಿತು. ಆಗ ಸಿಕ್ಕಿದ್ದು ಟ್ರೋವ್. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ನಡೆಸುವ ಜಾಲತಾಣ ಇದು, ಹಳೆಯ ಪತ್ರಿಕೆಗಳನ್ನು ಹುಡುಕೋಕೆ ಓದೋಕೆ ಒಂದು ಪೈಸೆ ಕೊಡಬೇಕಾಗಿಲ್ಲ.

1803ರಲ್ಲಿ ಶುರುವಾದ ಸಿಡ್ನಿ ಗೆಜೆಟ್‌ನಿಂದ ಹಿಡಿದು ಸಣ್ಣ ಸಣ್ಣ ಊರಿನ ಪತ್ರಿಕೆಗಳ ತನಕ ಇವೆ. ಹೆಚ್ಚಿನವು 1954ಕ್ಕೆ ನಿಲ್ಲುತ್ತವೆ, ಕಾಪಿರೈಟ್ ಕಾರಣ. ಕ್ಯಾನ್‌ಬೆರಾ ಟೈಮ್ಸ್ ಥರದ ಕೆಲವು ಮಾತ್ರ ಮುಂದಕ್ಕೂ ಸಿಗುತ್ತವೆ, ಅದು 1995ರವರೆಗೆ ಇದೆ.

ನಾನು ಮೊದಲು ಹೋಗಿದ್ದು ಜೀವನಚರಿತ್ರೆಗಳ ಕಡೆಗೆ. ಆಸ್ಟ್ರೇಲಿಯನ್ ಡಿಕ್ಷನರಿ ಆಫ್ ಬಯಾಗ್ರಫಿ ಚೆನ್ನಾಗಿದೆ, 1966ರಲ್ಲಿ ಮೊದಲ ಸಂಪುಟ ಬಂದಿದ್ದು, 2006ರಿಂದ ಆನ್‌ಲೈನ್‌ನಲ್ಲೇ ಓದಬಹುದು. ಆದರೆ ಅಲ್ಲಿ ಸಿಗೋದು ಹೆಸರು ಮಾಡಿದವರು. ನಮ್ಮವರು ಕುರಿ ಸಾಕಿದವರು, ಗಾಡಿ ಹೊಡೆದವರು. ಇಂಥವರು ಸಿಗೋದು ಪತ್ರಿಕೆಯ ಸಣ್ಣ ಅಕ್ಷರದಲ್ಲಿ. ಟ್ರೋವ್‌ನಲ್ಲಿ ಹುಡುಕುವಾಗ 'ಫ್ಯಾಮಿಲಿ ನೋಟಿಸಸ್' ಅನ್ನೋ ವಿಭಾಗ ಆರಿಸಿಕೊಳ್ಳಿ, ಹುಟ್ಟು, ಮದುವೆ, ಸಾವಿನ ಪ್ರಕಟಣೆಗಳಷ್ಟೇ ಉಳಿಯುತ್ತವೆ. ಇದೊಂದು ಗೊತ್ತಿದ್ದಿದ್ದರೆ ನನ್ನ ಮೊದಲ ಆರು ತಿಂಗಳು ಉಳಿಯುತ್ತಿತ್ತು.

ಒಂದು ಸಾವಿನ ಪ್ರಕಟಣೆ ಹೇಳುತ್ತೇನೆ. ನಾಲ್ಕೇ ಸಾಲು. ಪತ್ರಿಕೆಯ ತಾರೀಖು ಜುಲೈ 30, ಒಳಗೆ '2ನೇ ಅಲ್ಟ್.' ಎಂದಿತ್ತು. ನಾನು ಜುಲೈ 2 ಎಂದು ಬರೆದುಕೊಂಡು ಎಷ್ಟೋ ದಿನ ಹಾಗೇ ಇಟ್ಟಿದ್ದೆ. ಆಮೇಲೆ ತಿಳಿಯಿತು, 'ಅಲ್ಟ್.' ಅಂದರೆ ಹೋದ ತಿಂಗಳು, 'ಇನ್‌ಸ್ಟ್.' ಅಂದರೆ ಇದೇ ತಿಂಗಳು. ತೀರಿಕೊಂಡಿದ್ದು ಜೂನ್ 2ಕ್ಕೆ! ಕೊನೆಯಲ್ಲಿ 'ಹೋಂ ಪೇಪರ್ಸ್ ಪ್ಲೀಸ್ ಕಾಪಿ' ಎಂದೂ ಇತ್ತು. ಬ್ರಿಟನ್‌ನ ಪತ್ರಿಕೆಗಳೂ ಇದನ್ನು ಹಾಕಲಿ ಅನ್ನೋ ಕೋರಿಕೆ ಅದು. ಅಂದರೆ ಸಮುದ್ರದ ಆಚೆ ಸುದ್ದಿ ಮುಟ್ಟಬೇಕಾದವರು ಇನ್ನೂ ಇದ್ದರು ಅಂತ ಆಯಿತು, ಅಲ್ವಾ? ಆ ನಾಲ್ಕು ಪದದಿಂದಲೇ ಮುಂದಿನ ಹುಡುಕಾಟ ಶುರುವಾಯಿತು.

ಹೆಂಗಸರನ್ನು ಹುಡುಕೋದೇ ಕಷ್ಟ. ಮದುವೆಯಾದ ಮೇಲೆ ಅವರ ಸ್ವಂತ ಹೆಸರು ಬರೋದು ಅಪರೂಪ, ಗಂಡನ ಹೆಸರಿನ ಹಿಂದೆ 'ಮಿಸೆಸ್' ಅಷ್ಟೇ. ಹಾಗಾಗಿ ಗಂಡನ ಹೆಸರು ಹಾಕಿಯೇ ಹುಡುಕಬೇಕು, ನನಗೆ ಇದು ಪ್ರತಿ ಸಲ ಬೇಜಾರು ತರಿಸುತ್ತದೆ.

ಇನ್ನೊಂದು ಮಾತು. ಇಂಥ ಯಾವ ತಾಣದಲ್ಲೂ ಪುಟವನ್ನು ಓದಿ ಅಕ್ಷರವಾಗಿ ಇಳಿಸೋದು ಯಂತ್ರ. ಅಚ್ಚು ಮಸುಕಾಗಿದ್ದರೆ 'ಇ' ಅಕ್ಷರ 'ಸಿ' ಆಗಿ, ಹೆಸರೇ ಕೆಟ್ಟು ಹೋಗುತ್ತದೆ, ಆಗ ಎಷ್ಟು ಹುಡುಕಿದರೂ ಸಿಗಲ್ಲ. ಹೆಸರು ಬಿಟ್ಟು ಊರು, ಬೀದಿ, ಕಸುಬು ಹಾಕಿ ನೋಡಿ. ಟ್ರೋವ್‌ನಲ್ಲಿ ನನಗೆ ತುಂಬ ಇಷ್ಟವಾಗೋದು ಏನೆಂದರೆ, ಪುಟದ ಚಿತ್ರ ನೋಡಿಕೊಂಡು ಪಕ್ಕದ ತಪ್ಪು ಸಾಲನ್ನು ಓದುಗರೇ ತಿದ್ದಬಹುದು. ಒಬ್ಬರು ತಿದ್ದಿದ ಹೆಸರು ಮುಂದೆ ಹುಡುಕುವ ಎಲ್ಲರಿಗೂ ಸಿಗುತ್ತದೆ.

2023ರಲ್ಲಿ ಹಣ ಸಾಲದೆ ಇದು ನಿಂತೇ ಹೋಗಬಹುದು ಅನ್ನೋ ಸುದ್ದಿ ಓದಿ ನಿಜವಾಗಿ ಗಾಬರಿಯಾಗಿದ್ದೆ. ಸರ್ಕಾರ ಹಣ ಕೊಟ್ಟಿತು, ಉಳಿಯಿತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಪಿಡಿಎಫ್ ಮಾಡಿ ಇಳಿಸಿಕೊಳ್ಳುತ್ತೇನೆ.

ಈಗ ಕೂತಾಗಲೆಲ್ಲ ಹತ್ತು ಸಾಲು ತಿದ್ದುತ್ತೇನೆ. ಹೋದ ವಾರ ತಿದ್ದಿದ್ದು ಒಂದು ಮಗು ಹುಟ್ಟಿದ ಪ್ರಕಟಣೆ. ಅದು ನಮ್ಮವರದ್ದಲ್ಲ.