ಇಲ್ಲಿಯ ಅನ್ನದುಂಡೆ ಪುಟಿಯುತ್ತದೆ, ನಿಜ

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ಸಿಗುವ ಈ ಉಡುಪಿ ಹೋಟೆಲಿನ ಹೆಸರನ್ನು ಬರೆಯುತ್ತಿಲ್ಲ. ಮಾಲಕರೇ ಬೇಡವೆಂದರು. "ನೀವು ಹೊಗಳಿಯೇ ಬರೆದರೂ ಹೆಸರಿನ ಪಕ್ಕದಲ್ಲಿ ಪ್ಲಾಸ್ಟಿಕ್ ಎಂಬ ಶಬ್ದ ಬರುತ್ತದಲ್ಲ ಮಾಸ್ತರರೇ, ಹುಡುಕಿದವರಿಗೆ ಅದೇ ಕಾಣುತ್ತದೆ."

ಮೊದಲು ಊಟದ ವಿಚಾರ. ರೈಸ್ ಪ್ಲೇಟಿಗೆ 130 ರೂಪಾಯಿ. ಸಾರಿಗೆ ಐದಕ್ಕೆ ಐದು ಅಂಕ. ಇಂಗಿನ ಒಗ್ಗರಣೆ ತಟ್ಟೆಗೆ ಬರುವ ಮೊದಲೇ ಮೂಗಿಗೆ ಬರುತ್ತದೆ. ಪಲ್ಯದ ತೆಂಗಿನತುರಿಯಲ್ಲಿ ಜಿಪುಣತನ, ಆದ್ದರಿಂದ ಮೂರು. ಚಪಾತಿ ಬಿಟ್ಟರೂ ನಷ್ಟವಿಲ್ಲ. ಅನ್ನ ಕೋಲಂ ಅಕ್ಕಿಯದು, ತುಸು ಮೆತ್ತಗೆ, ಸಾರು ಕಲಸಲು ನಮ್ಮವರಿಗೆ ಬೇಕಾದ ಹದ. ಆ ಹದವೇ ಅವರಿಗೆ ಮುಳುವಾಯಿತು.

ಯಾರೋ ಗಿರಾಕಿ ಅನ್ನವನ್ನು ಉಂಡೆ ಕಟ್ಟಿ ಮೇಜಿಗೆ ಹೊಡೆದ, ಅದು ಪುಟಿಯಿತು. ಇಪ್ಪತ್ತು ಸೆಕೆಂಡಿನ ವಿಡಿಯೊ, ಹಿಂದೆ ಹೋಟೆಲಿನ ಬೋರ್ಡು, "ಪ್ಲಾಸ್ಟಿಕ್ ಅಕ್ಕಿ" ಎಂಬ ಕೂಗು. ನನಗೆ ವಾಟ್ಸಾಪಿನಲ್ಲಿ ಕಳಿಸಿದವನು ನನ್ನ ಷಡ್ಡಕ. ಇಂಥ ಸಂದೇಶಗಳಿಗೆ ಕಡಿವಾಣ ಬಿದ್ದದ್ದೂ ಉಂಟು. 2018ರ ಜುಲೈ 1ರಂದು ಇದೇ ರಾಜ್ಯದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿದ ಜನ ಐವರು ಅಲೆಮಾರಿಗಳನ್ನು ಹೊಡೆದು ಕೊಂದರು. ಅಂಥ ಸಾವುಗಳಾದ ಮೇಲೆ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರಲ್ಲಿ, ಹಲವು ಕೈ ದಾಟಿ ಎರಡು ಬಾಣದ ಗುರುತು ಬಿದ್ದ ಸಂದೇಶಕ್ಕೆ ಒಂದೇ ಕಡೆ ಎಂದಿತು. ಆದರೆ ಷಡ್ಡಕ ವಿಡಿಯೊವನ್ನು ಗ್ಯಾಲರಿಯಲ್ಲಿ ಉಳಿಸಿಕೊಂಡು ಹೊಸದಾಗಿ ಕಳಿಸಿದ್ದ. ಬಾಣಗಳು ಮಾಯ, ತಾನೇ ಎದುರಿಗೆ ಕೂತು ತೆಗೆದಂತಿತ್ತು. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ನಾನು ಅದನ್ನು ಕನ್ನಡ ಸಂಘದ ಗುಂಪಿಗೆ ಹಾಕಿದೆ. "ಎಚ್ಚರ" ಎಂದು ಬೇರೆ ಸೇರಿಸಿದೆ.

ಎರಡು ವಾರದ ಮೇಲೆ, ನಾಚಿಕೆಗೋ ಸಾರಿನ ಆಸೆಗೋ, ಹೋದೆ. ಮಧ್ಯಾಹ್ನ ಒಂದು ಗಂಟೆಗೆ ಅರ್ಧ ಮೇಜು ಖಾಲಿ. ಗಲ್ಲಾದ ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಅನ್ನ, ಒಂದು ಚಮಚ, ಒಂದು ಲೈಟರ್. ಕೇಳಿದವರಿಗೆಲ್ಲ ಮಾಲಕರು ತೋರಿಸುತ್ತಾರೆ. ಉಂಡೆ ಹಿಂಡಿ ಕಲ್ಲಿನ ಮೇಲೆ ಬಿಟ್ಟರು, ಎರಡು ಬೆರಳಿನಷ್ಟು ಎತ್ತರ ಪುಟಿಯಿತು. "ನಿಮ್ಮ ಮನೆಯದೂ ಪುಟಿಯುತ್ತದೆ, ಮಾಡಿ ನೋಡಿ." ಬೆಂದ ಪಿಷ್ಟ ಅಂಟಂಟಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತದೆ, ಅಷ್ಟೆ. ಬಳಿಕ ಒಣ ಅಗುಳನ್ನು ಚಮಚದಲ್ಲಿ ಸುಟ್ಟರು: ಸೀದ ರೊಟ್ಟಿಯ ವಾಸನೆ, ಕರಗಿದ ಚೀಲದ್ದಲ್ಲ. ಬೇರೆ ಬಣ್ಣದ ಕಾಳೂ ಇತ್ತು ಎಂದು ಒಬ್ಬರು ತಗಾದೆ ತೆಗೆದರು. ಅದು ರೇಷನ್ ಅಕ್ಕಿಯ ಮಾತು. ಅಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದ ಮಾಡಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿದ್ದುಂಟು. ಅದೂ ಪ್ಲಾಸ್ಟಿಕ್ ಅಲ್ಲ.

ಅಂತರ್ಜಾಲದಲ್ಲಿ ಒಂದೇ ನಕ್ಷತ್ರ ಕೊಟ್ಟವರನ್ನೂ ಓದಿದೆ. ಒಬ್ಬರಿಗೆ ಇಲ್ಲಿಯ ಚಿಕನ್ ಬಿರಿಯಾನಿ ಹಿಡಿಸಲಿಲ್ಲವಂತೆ. ಇದು ಶುದ್ಧ ಸಸ್ಯಾಹಾರಿ ಹೋಟೆಲು! ವಿಮರ್ಶೆ ಬರೆದವರು ನಿಜವಾದ ವ್ಯಕ್ತಿಯೇ ಎಂದು ತಾಣಗಳು ಪರಿಶೀಲಿಸಬೇಕೆಂದು 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000 ಎಂಬ ಮಾನಕ ಹೊರಡಿಸಿದೆ. ಹೊರಡಿಸುವಾಗ ಅದು ಐಚ್ಛಿಕವಾಗಿತ್ತು, ಹಾಗೆಂದರೆ ಏನೆಂದು ಸಂಘದ ವಂತಿಗೆ ವಸೂಲಿ ಮಾಡಿದ ನನಗೆ ಗೊತ್ತು.

ಮನೆಗೆ ಬಂದು ಗುಂಪಿನಲ್ಲಿ ತಿದ್ದುಪಡಿ ಬರೆದೆ. ವಿಡಿಯೊಗೆ ನಲವತ್ತು ಹೆಬ್ಬೆರಳು ಬಿದ್ದಿದ್ದವು, ತಿದ್ದುಪಡಿಗೆ ಎರಡು. ಒಂದು ಖಜಾಂಚಿಯವರದು, ಅವರು ನಿಧನವಾರ್ತೆಗೂ ಅದನ್ನೇ ಒತ್ತುತ್ತಾರೆ.

ಮರುದಿನ ಊಟ ಮುಗಿಸಿ ಗಲ್ಲಾದ ಬಳಿ, ಆ ವಿಡಿಯೊ ಹಂಚಿದವರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಂಡೆ.

"ಗೊತ್ತು ಮಾಸ್ತರರೇ, ನನ್ನ ಅಳಿಯ ಆ ಗುಂಪಿನಲ್ಲಿದ್ದಾನೆ" ಎಂದು ಮಾಲಕರು ಎಪ್ಪತ್ತು ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟರು.