ಬೀಳುವ ನಾಟಕಕ್ಕೆ ಹಳದಿ ಕಾರ್ಡ್ ಸಾಲದು: ದಾವಣಗೆರೆಯ ಟರ್ಫ್ ಒಂದರ ರೆಫರಿ ಸೇವೆ

ದಾವಣಗೆರೆಯ ಅಂಚಿನಲ್ಲಿರುವ ಈ ಫುಟ್‌ಬಾಲ್ ಟರ್ಫ್‌ನವರು ತಮ್ಮ ಕೃತಕ ಹುಲ್ಲಿನ ಮೈದಾನವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದರ ಜೊತೆಗೆ ಈಗ ರೆಫರಿಯನ್ನೂ ವಿಡಿಯೊ ಮರುಪರಿಶೀಲನೆಯನ್ನೂ ಒದಗಿಸುತ್ತಿದ್ದಾರೆ. ಬಾಡಿಗೆಯ ಮೇಲೆ ಪಂದ್ಯವೊಂದಕ್ಕೆ ಮುನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಸೀಟಿ, ಕಾರ್ಡ್‌ಗಳೊಂದಿಗೆ ರೆಫರಿ ಬರುತ್ತಾರೆ. ಎರಡೂ ಗೋಲುಗಳ ಹಿಂದಿನ ಕಂಬಗಳಿಗೆ ಕಟ್ಟಿರುವ ಕ್ಯಾಮೆರಾಗಳ ಚಿತ್ರವನ್ನು ಗೆರೆಯಾಚೆಯ ಮೇಜಿನ ಮೇಲಿನ ಟ್ಯಾಬ್‌ನಲ್ಲಿ ನೋಡಬಹುದು, ಮತ್ತು ಪ್ರತಿ ತಂಡವೂ ಪಂದ್ಯದಲ್ಲಿ ಒಮ್ಮೆ ಮರುಪರಿಶೀಲನೆ ಕೇಳಬಹುದು. ನಮ್ಮ ಬಡಾವಣೆಯ ಗೆಳೆಯರು ನಡೆಸಿದ ಐವರ ಆಟದ ಟೂರ್ನಿಗೆ ಈ ಸೇವೆಯನ್ನು ಪಡೆದಿದ್ದೆವು. ಹಿಂದಿನ ಟೂರ್ನಿಗಳೆಲ್ಲ ಯಾರು ನಿಜವಾಗಿ ಬಿದ್ದರು, ಯಾರು ಬೇಕೆಂದೇ ಬಿದ್ದರು ಎಂಬ ಜಗಳದಲ್ಲೇ ಮುಗಿದಿದ್ದರಿಂದ, ಈ ಸೇವೆಯನ್ನು ನಾನು ಮುಖ್ಯವಾಗಿ ಆ ಒಂದು ಪ್ರಶ್ನೆಯ ಮೇಲೆಯೇ ಅಳೆದಿದ್ದೇನೆ.

ಐವರ ಆಟದಲ್ಲಿ ಮೈದಾನ ಚಿಕ್ಕದು, ಗೋಲು ಯಾವಾಗಲೂ ಹತ್ತಿರ. ಆದ್ದರಿಂದ ಯಾವ ಮೂಲೆಯಲ್ಲಿ ಬಿದ್ದರೂ ಪೆನಾಲ್ಟಿಯ (ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಒದೆಯುವ ಅವಕಾಶದ) ಆಸೆ ಇದ್ದೇ ಇರುತ್ತದೆ. ಇಲ್ಲಿಗೆ ಬರುವ ಇಂಜಿನಿಯರಿಂಗ್ ಮತ್ತು ಮೆಡಿಕಲ್ ಕಾಲೇಜುಗಳ ಹುಡುಗರು ರಾತ್ರಿ ನಿದ್ದೆಗೆಟ್ಟು ಯುರೋಪಿನ ಪಂದ್ಯಗಳನ್ನು ನೋಡುವವರು. ಅಲ್ಲಿನ ಪಾಸ್‌ಗಳನ್ನು ಕಲಿತಷ್ಟೇ ಶ್ರದ್ಧೆಯಿಂದ ಅಲ್ಲಿನ ಬೀಳುವಿಕೆಯನ್ನೂ ಕಲಿತಿದ್ದಾರೆ. ಕಂಪನಿ ನಾಟಕಗಳನ್ನು ನೋಡಿ ಬೆಳೆದ ಊರಾದ್ದರಿಂದ ಬಲೆಯಾಚೆ ನಿಂತ ಪ್ರೇಕ್ಷಕರು ನಟನೆಯನ್ನು ಬೇಗ ಗುರುತಿಸುತ್ತಾರೆ ಎಂಬುದು ಬೇರೆ ಮಾತು. ಆದರೆ ಸೀಟಿ ಊದುವವರು ಅವರಲ್ಲ.

ನಮಗೆ ಬಂದ ರೆಫರಿ ಶಾಲೆಯೊಂದರ ದೈಹಿಕ ಶಿಕ್ಷಣದ ಮೇಷ್ಟ್ರು. ಈ ಸೇವೆಯಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ ಎನ್ನಬಹುದಾದ ಭಾಗವೆಂದರೆ ಅವರೇ. ಚೆಂಡಿನ ಹಿಂದೆ ಓಡದೆ, ಆಟಗಾರರಿಬ್ಬರ ನಡುವಿನ ಸಂದು ಕಾಣುವಂತೆ ಪಕ್ಕದಲ್ಲಿ ನಿಲ್ಲುತ್ತಿದ್ದರು. ನಿಜವಾಗಿ ಎಡವಿದವನ ಕೈಗಳು ತಾವಾಗಿಯೇ ನೆಲದ ಕಡೆ ಹೋಗುತ್ತವೆ, ನಾಟಕ ಮಾಡುವವನ ಕೈಗಳು ಮೇಲಕ್ಕೆ ಹೋಗುತ್ತವೆ ಎಂದು ಅವರು ಪಂದ್ಯಕ್ಕೆ ಮೊದಲೇ ಇಬ್ಬರು ನಾಯಕರಿಗೂ ಹೇಳಿದರು. ಇದು ಬರಿಯ ಅನುಭವದ ಮಾತಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ಮಾರಿಸ್ ಆಟಗಾರರ ಬೀಳುವಿಕೆಗಳನ್ನು ಅಧ್ಯಯನ ಮಾಡಿ, ಎದೆ ಮುಂದೆ ಚಾಚಿ, ಎರಡೂ ಕೈಗಳನ್ನು ಮೇಲಕ್ಕೆತ್ತಿ, ಮಂಡಿ ಹಿಂದಕ್ಕೆ ಮಡಚಿ, ಮೈಯನ್ನು ಬಿಲ್ಲಿನಂತೆ ಬಾಗಿಸುವ ಭಂಗಿ ಸಹಜವಾಗಿ ಬೀಳುವವನಲ್ಲಿ ಕಾಣುವಂಥದ್ದಲ್ಲ ಎಂದು ಗುರುತಿಸಿದ್ದರು. ಕೃತಕ ಹುಲ್ಲಿನ ಮೇಲೆ ಇದಕ್ಕೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ. ನಿಜವಾಗಿ ಬಿದ್ದವನ ಅಂಗೈ ಉಜ್ಜಿ ಕೆಂಪಾಗಿರುತ್ತದೆ, ಹುಲ್ಲಿನ ನಡುವೆ ತುಂಬಿರುವ ರಬ್ಬರಿನ ಕಪ್ಪು ಹರಳುಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಕಣಕಾಲು ಹಿಡಿದು ಉರುಳುತ್ತಿದ್ದ ಹುಡುಗನೊಬ್ಬ “ಕಾಲು ಕೊಟ್ಟ ಸಾರ್, ನೀವೇ ನೋಡಿದ್ರಲ್ಲ” ಎಂದು ಕೂಗಿದಾಗ, ಮೇಷ್ಟ್ರು ಬಗ್ಗಿ “ಎಲ್ಲಿ, ಅಂಗೈ ತೋರಿಸಪ್ಪಾ” ಎಂದರು. ಅಂಗೈ ಶುಭ್ರವಾಗಿತ್ತು. ಸುತ್ತ ನಿಂತವರೆಲ್ಲ ನಕ್ಕರು, ಹುಡುಗನೂ ನಕ್ಕು ಎದ್ದ. ಇದನ್ನೇ ನಿಯಮ ಮಾಡಲಾಗದು, ಏಕೆಂದರೆ ಭುಜದ ಮೇಲೆ ಬಿದ್ದವನ ಅಂಗೈಯೂ ಶುಭ್ರವಾಗಿಯೇ ಇರುತ್ತದೆ.

ಅವರ ಇನ್ನೊಂದು ಗುಣವನ್ನೂ ಹೇಳಲೇಬೇಕು. ಬಿದ್ದವನಿಗೆ ಫೌಲ್ ಕೊಡದಿದ್ದರೆ ಅವನದು ನಾಟಕವೇ ಆಗಿರಬೇಕು ಎಂದು ಅವರು ಭಾವಿಸಲಿಲ್ಲ. ವೇಗದಲ್ಲಿ ಓಡುವಾಗ ಕಾಲಿಗೆ ಕಾಲು ತಗುಲಿ, ಯಾರ ತಪ್ಪೂ ಇಲ್ಲದೆ ಬೀಳುವುದುಂಟು; ಅಂಥ ಕಡೆಯಲ್ಲೆಲ್ಲ ಕೈಸನ್ನೆ ಮಾಡಿ ಆಟ ಮುಂದುವರಿಸಿದರು.

ಕ್ಯಾಮೆರಾಗಳ ಬಗ್ಗೆ ಇಷ್ಟು ಮೆಚ್ಚುಗೆ ನನಗಿಲ್ಲ. ಪ್ರೊ ಕಬಡ್ಡಿಯಲ್ಲೂ ಕ್ರಿಕೆಟ್‌ನಲ್ಲೂ ಮರುಪರಿಶೀಲನೆ ನೋಡಿ ಅಭ್ಯಾಸವಾದವರಿಗೆ ಈ ಏರ್ಪಾಡು ಹೊಸದೆನಿಸುವುದಿಲ್ಲ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಕೂಡ, ಪ್ರತಿ ತಂಡಕ್ಕೆ ಎರಡು ಮನವಿಗಳಂತೆ ಹೀಗೆಯೇ ಒಂದು ಸರಳ ವ್ಯವಸ್ಥೆಯನ್ನು ಪ್ರಯೋಗಿಸಿತ್ತು. ಮನವಿ ಸರಿಯೆಂದು ಸಾಬೀತಾದರೆ ಅದು ತಂಡದ ಬಳಿಯೇ ಉಳಿಯುತ್ತಿತ್ತು. ಇಲ್ಲಿ ಸರಿಯಾದರೂ ಉಳಿಯುವುದಿಲ್ಲ, ಇದನ್ನು ಬದಲಿಸಬೇಕು. ಎರಡೂ ಕ್ಯಾಮೆರಾಗಳು ಗೋಲಿನ ಹಿಂದೆಯೇ ಇರುವುದರಿಂದ, ಅಡ್ಡಲಾಗಿ ಬಂದ ಕಾಲು ತಗುಲಿತೋ ಇಲ್ಲವೋ ಎಂಬುದು ಹಲವು ಬಾರಿ ಗೋಲ್‌ಕೀಪರ್‌ನ ಬೆನ್ನಿನ ಮರೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮೇಜಿನ ಬಳಿ ಗುಂಪುಗೂಡಿದವರೆಲ್ಲ “ಟಚ್ ಇದೆ” ಅಥವಾ “ಟಚ್ ಇಲ್ಲ” ಎಂಬ ಒಂದೇ ವಾದಕ್ಕೆ ಬಿದ್ದುಬಿಡುತ್ತಾರೆ. ಸ್ಪರ್ಶವಾದ ಮಾತ್ರಕ್ಕೆ ಫೌಲ್ ಆಗುವುದಿಲ್ಲ. ತುಸು ತಗುಲಿದ್ದನ್ನೇ ನೆಪ ಮಾಡಿಕೊಂಡು ಬಿದ್ದವನೂ ಮೋಸಗಾರನೇ. ಇಡೀ ಜಗತ್ತಿನ ಎದುರು ನಡೆದ ಪ್ರಸಂಗಗಳಲ್ಲೂ ಇದೇ ಗೊಂದಲವಿತ್ತು. 2018ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ಬ್ರೆಜಿಲ್‌ನ ನೇಮಾರ್ ಹಿಂದಕ್ಕೆ ಬಿದ್ದು ಗಳಿಸಿದ ಪೆನಾಲ್ಟಿಯನ್ನು, ಎದುರಾಳಿಯ ಕೈ ಅವರಿಗೆ ತಗುಲಿದ್ದರೂ, ರೆಫರಿ ಬ್ಯೋರ್ನ್ ಕೌಪರ್ಸ್ ಪರದೆಯಲ್ಲಿ ನೋಡಿ ರದ್ದುಪಡಿಸಿದರು.

ಇನ್ನು ಶಿಕ್ಷೆಯ ವಿಚಾರ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಟರ್ಫ್‌ನವರು ಫುಟ್‌ಬಾಲ್ ನಿಯಮಾವಳಿಯ 12ನೇ ನಿಯಮವನ್ನು ಹಾಗೆಯೇ ಎತ್ತಿಕೊಂಡಿದ್ದಾರೆ: ಫೌಲ್ ಆದಂತೆಯೋ ಗಾಯವಾದಂತೆಯೋ ನಟಿಸಿ ರೆಫರಿಯನ್ನು ವಂಚಿಸಲು ಯತ್ನಿಸಿದರೆ ಹಳದಿ ಕಾರ್ಡ್. ತೊಂಬತ್ತು ನಿಮಿಷದ ಲೀಗ್ ಪಂದ್ಯದಲ್ಲಿ ಆ ಕಾರ್ಡಿಗೆ ಬೆಲೆಯಿದೆ. ಮತ್ತೊಂದು ಹಳದಿ ಬಂದರೆ ಹೊರಹೋಗಬೇಕೆಂಬ ಭಯ ಇಡೀ ಪಂದ್ಯ ಕಾಡುತ್ತದೆ. 2002ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಇಟಲಿಯ ಟೊಟ್ಟಿ ಹೊರಬಿದ್ದದ್ದು ನಟನೆಗಾಗಿ ಬಂದ ಎರಡನೆಯ ಹಳದಿಯಿಂದಲೇ, ಆ ತೀರ್ಪು ಸರಿಯೇ ಎಂಬ ಚರ್ಚೆ ಏನೇ ಇರಲಿ. ಆದರೆ ಇಪ್ಪತ್ತು ನಿಮಿಷದ ಪಂದ್ಯದಲ್ಲಿ ಒಂದು ಹಳದಿ ಕಾರ್ಡಿಗೆ ಯಾರು ಹೆದರುತ್ತಾರೆ? ಪೆನಾಲ್ಟಿ ಸಿಕ್ಕರೆ ಗೋಲು, ಸಿಗದಿದ್ದರೆ ಒಂದು ಕಾರ್ಡ್. ಲೆಕ್ಕ ಹಾಕಿದರೆ ಬೀಳುವುದೇ ಲಾಭ. ದಂಡದ ಕಥೆಯೂ ಅಷ್ಟೇ. ಅದೇ 2002ರಲ್ಲಿ ಟರ್ಕಿಯ ಆಟಗಾರ ಒದ್ದ ಚೆಂಡು ಕಾಲಿಗೆ ಬಡಿದರೂ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡಿದುಕೊಂಡು ನೆಲಕ್ಕುರುಳಿದರು. ಎದುರಾಳಿ ಮೈದಾನದಿಂದ ಹೊರಗೆ ಹೋದ, ರಿವಾಲ್ಡೊ 11,670 ಸ್ವಿಸ್ ಫ್ರಾಂಕ್ ದಂಡ ತೆತ್ತು ವಿಶ್ವಕಪ್ ಗೆದ್ದರು.

ಸಣ್ಣ ಆಟಕ್ಕೆ ಒಪ್ಪುವ ಶಿಕ್ಷೆ ಅದೇ ನಿಯಮಾವಳಿಯಲ್ಲಿ ಇದೆ. ಯುವಕರ, ಹಿರಿಯರ ಮತ್ತು ತಳಮಟ್ಟದ ಪಂದ್ಯಗಳಲ್ಲಿ ಹಳದಿ ಕಾರ್ಡ್ ಪಡೆದವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಅವಕಾಶವನ್ನು ಅದು ಕೊಡುತ್ತದೆ, ಅವಧಿ ಒಟ್ಟು ಆಟದ ಶೇಕಡಾ 10ರಿಂದ 15ರಷ್ಟು. ಇಪ್ಪತ್ತು ನಿಮಿಷದ ಪಂದ್ಯಕ್ಕೆ ಎರಡರಿಂದ ಮೂರು ನಿಮಿಷ. ಸೆಮಿಫೈನಲ್‌ಗಳಿಗೆ ಮೊದಲು ಇದನ್ನು ಅಳವಡಿಸಿ ಎಂದು ಕೇಳಿಕೊಂಡಾಗ ವ್ಯವಸ್ಥಾಪಕರು ತಕರಾರಿಲ್ಲದೆ ಒಪ್ಪಿದರು, ಇದನ್ನು ಮೆಚ್ಚಬೇಕು. ಮೊದಲ ಸೆಮಿಫೈನಲ್‌ನಲ್ಲೇ ಒಬ್ಬ ಎರಡು ನಿಮಿಷ ಮೇಜಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಅಷ್ಟರಲ್ಲಿ ಉಳಿದ ನಾಲ್ವರು ಗೋಲು ಬಿಟ್ಟುಕೊಟ್ಟರು. ರೆಫರಿಯನ್ನು ಬೈಯಲು ಹೊರಟಿದ್ದ ಅವರ ನಾಯಕ ಕುರ್ಚಿಯ ಕಡೆ ತಿರುಗಿ, “ನಿನಗ್ಯಾರೋ ಬೀಳು ಅಂದಿದ್ದು?” ಎಂದ. ಆಮೇಲೆ ಫೈನಲ್ ಮುಗಿಯುವವರೆಗೂ ಯಾರೂ ಸುಮ್ಮಸುಮ್ಮನೆ ಬೀಳಲಿಲ್ಲ. ಟರ್ಫ್‌ನವರು ಇದನ್ನು ಕೇಳಿದವರಿಗೆ ಮಾತ್ರ ಕೊಡುವ ಬದಲು ಖಾಯಂ ನಿಯಮ ಮಾಡಬೇಕು.

ಪಂದ್ಯ ಮುಗಿದ ಮೇಲೆ ದೃಶ್ಯ ನೋಡಿ ನಿಷೇಧ ಹೇರಬೇಕೆಂದುಕೊಳ್ಳುವ ಸಂಘಟಕರಿಗೆ ಈ ಸೇವೆ ಸಾಲದು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2017–18ರ ಋತುವಿನಲ್ಲಿ ಅಂಥ ನಿಯಮ ತಂದಾಗ ಪೆನಾಲ್ಟಿ ಗಿಟ್ಟಿಸಿದ ಅಥವಾ ಎದುರಾಳಿಯನ್ನು ಹೊರಹಾಕಿಸಿದ ಮೋಸಕ್ಕೆ ಮಾತ್ರ ಅದನ್ನು ಸೀಮಿತಗೊಳಿಸಿ, ಮೂವರು ಬೇರೆಬೇರೆಯಾಗಿ ದೃಶ್ಯ ನೋಡಿ ಒಮ್ಮತಕ್ಕೆ ಬಂದರಷ್ಟೇ ಆರೋಪ ಹೊರಿಸಬೇಕೆಂದು ವಿಧಿಸಿತ್ತು. ಎವರ್ಟನ್‌ನ ಊಮರ್ ನಿಯಾಸ್‌ಗೆ ಎರಡು ಪಂದ್ಯಗಳ ನಿಷೇಧ ಬಿದ್ದದ್ದು ಹಾಗೆ. ಅದಕ್ಕೂ ಮೊದಲು, 2009ರಲ್ಲಿ, ಆರ್ಸೆನಲ್‌ನ ಎಡ್ವಾರ್ಡೊಗೆ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ವಿಧಿಸಿದ್ದ ನಿಷೇಧ ಮೇಲ್ಮನವಿಯಲ್ಲಿ ರದ್ದಾಗಿತ್ತು. ಅಂಥ ತೀರ್ಮಾನಕ್ಕೆ ಸ್ಪಷ್ಟ ಚಿತ್ರ ಬೇಕು. ಇಲ್ಲಿ ನಮಗೆ ಸಿಕ್ಕಿದ್ದು ವಾಟ್ಸಾಪ್‌ನಲ್ಲಿ ಕಳಿಸಿದ, ಜರ್ಸಿಯ ಸಂಖ್ಯೆಯೂ ಓದಲಾಗದಷ್ಟು ಕುಗ್ಗಿಸಿದ ತುಣುಕು. ಪೂರ್ತಿ ದೃಶ್ಯ ಬೇಕೆಂದರೆ ಪೆನ್‌ಡ್ರೈವ್ ತಂದು, ಬೇರೆ ಶುಲ್ಕ ಕೊಡಬೇಕಂತೆ.

ದೀಪಗಳು ಚೆನ್ನಾಗಿವೆ, ಕುಡಿಯುವ ನೀರಿದೆ, ಗೇಟಿನ ಹೊರಗೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಯ ಗಾಡಿ ನಿಲ್ಲುತ್ತದೆ. ಸಂಜೆಯ ಸ್ನೇಹದ ಆಟಕ್ಕೆ ಈ ಮುನ್ನೂರು ರೂಪಾಯಿ ವ್ಯರ್ಥ. ಬಹುಮಾನದ ಟೂರ್ನಿಗಾದರೆ ಧಾರಾಳವಾಗಿ ಕೊಡಬಹುದು. ಬುಕ್ ಮಾಡುವಾಗಲೇ ಹೊರಗೆ ಕೂರಿಸುವ ನಿಯಮ ಬೇಕೆಂದು ಹೇಳಿಬಿಡಿ. ಒಂದು ಕ್ಯಾಮೆರಾವನ್ನಾದರೂ ಪಕ್ಕದ ಗೆರೆಯ ಕಂಬಕ್ಕೆ ಕಟ್ಟಿಸಿ, ಟ್ಯಾಬ್‌ನಲ್ಲಿ ಚಿತ್ರ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಿ.